ಮಲ್ಲಸರ್ಜನ ಮಣ್ಣಿನ ದುರ್ಗವೂ ಹುಲಿಯ ಗವಿಯೂ

ಎಲೈ ಶರದೃತುವೇ! ಮುಗಿಲನ್ನು ಒಗೆದ ದೋತರದಂತೆ ಬೆಳ್ಳಗೆ ಹರವುವ, ಮಳೆಗಾಲದ ಕೆಸರನ್ನು ಕಟ್ಟಲು ಯೋಗ್ಯವಾದ ಮಣ್ಣಾಗಿ ಹದಗೊಳಿಸುವ, ಶಾಲೆಗಳಿಗೆ ಬೀಗ ಜಡಿಸಿ ಸಮಸ್ತ ಶಿಶುಕುಲವನ್ನು ತಾಯ್ತಂದೆಯರ ತಲೆಯ ಮೇಲೆ ಕೂರಿಸುವ ಮಹಾಮಾಯೆಯೇ, ನಿನಗೆ ವಂದನೆ. ಅಂಥ ನಿನ್ನ ಕಾಲದಲ್ಲಿ, ಬೆಳಗಾವಿಯ ಒಂದು ಗಲ್ಲಿಯಲ್ಲಿ ನಡೆದ ಘೋರ ಸಂಗ್ರಾಮವನ್ನು ಹೇಳಬೇಕಾಗಿದೆ. ನಾಲಗೆ ತೊದಲದಂತೆ ಕಾಪಾಡು.

ಆ ಗಲ್ಲಿಯಲ್ಲಿ ಮಲ್ಲಸರ್ಜನೆಂಬ ವೀರನಿದ್ದನು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಅಧಿಪತಿ, ಕಸ್ತೂರಿಯ ಪತಿ, ಏಳು ವರ್ಷದ ಇಂಚರಾಳಿಗೂ ಮೂರು ವರ್ಷದ ಓಂಕಾರನಿಗೂ ಜನಕ. ದೀಪಾವಳಿ ಬಂತೆಂದರೆ ಆ ಊರಿನ ಮಕ್ಕಳು ಮನೆಯ ಮುಂದೆ ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿ ಹಸಿರು ಹುಟ್ಟಿಸುತ್ತಾರೆ. ಶಿಖರದಲ್ಲಿ ಮಣ್ಣಿನ ರಾಜನನ್ನೂ ಮೆಟ್ಟಿಲುಗಳಲ್ಲಿ ಸೈನಿಕರನ್ನೂ ನಿಲ್ಲಿಸುತ್ತಾರೆ. ಮಕ್ಕಳು ಕಟ್ಟುತ್ತಾರೆ ಎಂಬುದು ಮಾತಿಗೆ. ಮಲ್ಲಸರ್ಜನ ಮನೆಯಲ್ಲಿ ಮಕ್ಕಳು ನೋಡುತ್ತಿದ್ದರು.

ಏಕೆಂದರೆ ವೀರನ ಎದೆಯಲ್ಲಿ ಒಂದು ಮುಳ್ಳಿತ್ತು. ಹೋದ ದೀಪಾವಳಿಯಲ್ಲಿ ಯಾರದೋ ಆಡೊಂದು ತೆರೆದ ಗೇಟಿನಿಂದ ನುಗ್ಗಿ, ಸಾಸಿವೆಯ ಉಪವನವನ್ನು ಮೇದು, ಕೋಟೆಯ ನೆತ್ತಿಯ ಮೇಲೆ ಹತ್ತಿ ನಿಂತಿತ್ತು. ಹಬ್ಬದ ವಾಡಿಕೆಯಂತೆ ತಮ್ಮನಿಗೆ ಆರತಿ ಬೆಳಗಲು ಅಕ್ಕ ಚಂಪಕ್ಕ ಬಂದಾಗ ಉಳಿದದ್ದು ಒಂದು ದಿಬ್ಬ. ಅವಳ ಗಂಡ ರುದ್ರಗೌಡರು ಆ ದಿಬ್ಬವನ್ನು ಸುತ್ತುಹಾಕಿ, "ಇದೇನು ಕಿಲ್ಲೇನೋ, ಹುತ್ತೋ?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ವೀರನು ವರ್ಷವಿಡೀ ಕಟ್ಟು ಹಾಕಿದ ಫೋಟೋದಂತೆ ಎದೆಯೊಳಗೆ ತೂಗುಹಾಕಿಕೊಂಡಿದ್ದನು.

"ಕೇಳು ಕಸ್ತೂರಿ," ಎಂದು ಅವನು ಗುದ್ದಲಿಯನ್ನು ನೆಲಕ್ಕೂರಿ ಗರ್ಜಿಸಿದನು. "ಈ ಸಲ ಅಕ್ಕ ಆರತಿ ಹಿಡಕೊಂಡು ಬಂದಾಗ ನನ್ನ ಕಿಲ್ಲೆ ನಿಂತಿರಬೇಕು. ಭಾವ ಬಾಯಿ ಮ್ಯಾಲೆ ಬೆರಳಿಟ್ಟು ನೋಡಬೇಕು. ಇಲ್ಲಂದರ ನಾ ಮಲ್ಲಸರ್ಜನ ಅಲ್ಲ!"

"ಅಲ್ರೀ, ಹುಡುಗೋರ ಕೈಗೂ ಒಂದೀಟು ಮಣ್ಣು ಕೊಡ್ರಿ. ಆಟ ಅವರದೋ ನಿಮ್ಮದೋ?"

"ಇದು ಆಟ ಅಲ್ಲ."

ಹೀಗೆ ನಿರ್ಮಾಣ ಮೊದಲಾಯಿತು. ಗಗನಚುಂಬಿಯೂ, ಎಂದರೆ ಕಿಟಕಿಯ ಕೆಳಪಟ್ಟಿ ಮುಟ್ಟುವಂಥದ್ದೂ, ಹಳೆಯ ಇಟ್ಟಿಗೆಗಳ ಅಸ್ಥಿಪಂಜರವುಳ್ಳದ್ದೂ ಆದ ಮಹಾದುರ್ಗವೊಂದು ಅಂಗಳದಲ್ಲಿ ಮೇಲೆದ್ದಿತು. ಓಂಕಾರನಿಗೆ ಚಪ್ಪಾಳೆ ತಟ್ಟುವ ಅಧಿಕಾರ ದೊರೆಯಿತು. ಇಂಚರಾಳಿಗೆ ದೂರ ನಿಲ್ಲುವ ಅಧಿಕಾರ. ಅವಳ ಕೈಯಲ್ಲಿ ಒಂದು ಕಿವಿ ಮುರಿದ ಮಣ್ಣಿನ ಹುಲಿಯಿತ್ತು.

"ಅಪ್ಪಾ, ಹುಲಿಗೆ ಗವಿ ಬೇಕಲ್ಲ?"

"ಗವಿ ಗಿವಿ ಇಲ್ಲ. ಬುಡ ತೋಡಿದರ ಬುರುಜು ಬೀಳತೈತಿ."

"ಮತ್ತ ಹುಲಿ ಎಲ್ಲಿ ಮಲಕೋಬೇಕು?"

"ಬಿಸಲಾಗ ಮಲಕೋತೈತಿ. ಸರಿ ಆ ಕಡೆ, ಕಾಲು ತಾಗೀತು."

ಹುಲಿ ಬಿಸಿಲಲ್ಲಿ ಮಲಗುವುದುಂಟೇ ಎಂದು ಅವಳು ತಮ್ಮನನ್ನು ಕೇಳಿದಳು. ತಮ್ಮನು ಹುಲಿಯ ಮುರಿದ ಕಿವಿಯನ್ನು ಬೆರಳಿನಿಂದ ಪರೀಕ್ಷಿಸಿದನು.

ಆರತಿಯ ಹಿಂದಿನ ದಿನ ಸಂಜೆ, ಮನೆಮಂದಿಯೆಲ್ಲ ಅಂಗಳದೊಳಗೆ ಬಂದ ಮೇಲೆ, ಆಡುಕುಲದ ನೆನಪಿನಿಂದ ಕ್ರುದ್ಧನಾದ ವೀರನು ಬೀದಿಯ ಗೇಟನ್ನು ಮುಚ್ಚಿ ಚಿಲಕ ಹಾಕಿದನು. ಮುಚ್ಚಿದ ಗೇಟಿನ ಮುಂದೆ ಒಂದಿಷ್ಟು ಖಾಲಿ ಜಾಗ ಕಂಡಿತು. ಅಲ್ಲೊಂದು ಬುರುಜು ಎದ್ದರೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಲೇಬೇಕು. ಭಾವನವರು ಮೊದಲು ನೋಡುವುದು ಅದನ್ನೇ! ಉಳಿದ ಮಣ್ಣನ್ನೆಲ್ಲ ತಂದು, ಗೇಟಿಗೂ ಕೋಟೆಯ ಗೋಡೆಗೂ ಆನಿಸಿ, ಎದೆಯೆತ್ತರದ ಬುರುಜೊಂದನ್ನು ಮೆತ್ತಿ, ಅಂಗೈಯಿಂದ ಸವರಿ ನುಣುಪಾಗಿಸಿ, ಅದಕ್ಕೆ ವೈರಿಭಯಂಕರ ಎಂದು ಹೆಸರಿಟ್ಟು, ಚಹಾ ಕುಡಿಯಲು ಒಳಗೆ ಹೋದನು. ಆ ಒಂದು ಕಪ್ ಚಹಾದ ಅವಧಿಯಲ್ಲಿ ಅಂಗಳದಲ್ಲಿ ಇಂಚರಾಳಿದ್ದಳು, ಓಂಕಾರನಿದ್ದನು, ಅಡುಗೆಮನೆಯ ಸೌಟೊಂದಿತ್ತು.

ಬೆಳಗಿನ ಬಿಸಿಲಿಗೆ ದುರ್ಗ ಕಲ್ಲಾಯಿತು. ಹಾಲಿನವನು ಎಂದಿನಂತೆ ಪಾಕೀಟನ್ನು ಗೇಟಿನ ಮೇಲಿಂದ ಕೊಟ್ಟು ಹೋದನು. ಯಾರಿಗೂ ಏನೂ ತಿಳಿಯಲಿಲ್ಲ.

ಆಗ ಬಂದಳು ಚಂಪಕ್ಕ. ಇಳಕಲ್ ಸೀರೆಯ, ಮೈತುಂಬ ಬಂಗಾರದ, ಕೈಯಲ್ಲಿ ಉರಿಯುವ ಆರತಿತಟ್ಟೆಯ ಆ ಮಹಾನುಭಾವೆಯ ಹಿಂದೆ ರುದ್ರಗೌಡರು ಬೇಸನ್ ಉಂಡಿಯ ಡಬ್ಬಿ ಹಿಡಿದು ಬರುತ್ತಿದ್ದರು. ಮಲ್ಲಸರ್ಜನು ಚಿಲಕ ತೆಗೆದು, ಎದೆ ಉಬ್ಬಿಸಿ ಪಕ್ಕಕ್ಕೆ ನಿಂತನು. ಚಂಪಕ್ಕ ಗೇಟು ದೂಡಿದಳು. ಗೇಟು ಅಲುಗಲಿಲ್ಲ.

"ಯಾಕೋ ಮಲ್ಲ್ಯಾ, ಅಕ್ಕ ಬರ್ತಾಳಂತ ಕೀಲಿ ಹಾಕೀದೇನು?"

"ಕೀಲಿ ಇಲ್ಲಕ್ಕಾ. ದೂಡು."

"ದೂಡಾಕತ್ತೇನಲ್ಲ!"

ಆಗ ವೀರನಿಗೆ ಅರಿವಾಯಿತು. ಆ ಗೇಟು ತೆರೆಯುವುದು ಒಳಮುಖವಾಗಿ. ಒಳಗೆ ವೈರಿಭಯಂಕರವು ಹೆಸರಿಗೆ ತಕ್ಕಂತೆ ನಿಂತಿತ್ತು.

ರುದ್ರಗೌಡರು ಗೇಟಿನ ಸರಳುಗಳ ನಡುವೆ ಮೂಗು ತೂರಿಸಿದರು. "ಭಾಳ ಗಟ್ಟಿ ಕಟ್ಟೀದಿ ಬಿಡು ಮಲ್ಲಪ್ಪಾ. ವೈರಿ ಬರಂಗಿಲ್ಲ. ಅಕ್ಕಾನೂ ಬರಂಗಿಲ್ಲ."

"ಅಕ್ಕಾ, ಅಲ್ಲಿಂದನ ಬೆಳಗಿಬಿಡು. ನಾ ಇಲ್ಲೇ ನಿಲ್ಲತೇನಿ," ಎಂದು ಮಲ್ಲಸರ್ಜನು ಸಂಧಾನಕ್ಕಿಳಿದನು.

"ಗೇಟಿನ ಮ್ಯಾಲಿಂದ ಕೊಟ್ಟು ಹೋಗಾಕ ನಾ ಏನು ಹಾಲಿನಾವನು? ದೀಪದಾಗ ಎಣ್ಣಿ ತೀರೂದರಾಗ ತಗದರ ಆರತಿ. ಇಲ್ಲಂದರ ಬರೂ ವರ್ಷ." ಹೀಗೆಂದು ಆಕೆ ತನ್ನ ಸಮಸ್ತ ಭಾರವನ್ನೂ ಗೇಟಿಗೆ ಒರಗಿಸಿ ನಿಂತಳು. ಗಲ್ಲಿಯ ಮಂದಿ ಕೂಡತೊಡಗಿದರು. ದೀಪದ ಕುಡಿ ತಗ್ಗತೊಡಗಿತು.

ಅಯ್ಯೋ, ಯಾವ ವೀರನಿಗೂ ಬಾರದಿರಲಿ ಇಂಥ ಇಕ್ಕಟ್ಟು! ಎಡಕ್ಕೆ ವರ್ಷದ ಪ್ರತಿಜ್ಞೆ, ಬಲಕ್ಕೆ ಒಡಹುಟ್ಟಿದವಳ ದೀಪ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೂ ಎಬ್ಬಿಸಿ ಕೂರಿಸಿ ಬೆಳಗುತ್ತಿದ್ದ ಅಕ್ಕ ಅವಳು. ಮಲ್ಲಸರ್ಜನು ಒಳಗೆ ಹೋಗಿ ಕಬ್ಬಿಣದ ಹಾರೆ ತಂದನು. ಕಣ್ಣಂಚು ಒದ್ದೆಯಾಗಿತ್ತು.

"ಎಲೈ ದುರ್ಗವೇ," ಎಂದನು ಮನಸ್ಸಿನಲ್ಲಿ, "ಆಡಿಗೆ ಬಗ್ಗದ ನೀನು ಅಕ್ಕನಿಗೆ ಬಗ್ಗು." ಹಾರೆ ಮೇಲೆದ್ದಿತು.

"ಅಪ್ಪಾ, ತಡೀ!" ಇಂಚರಾ ಓಡಿಬಂದು ಬುರುಜಿನ ಬುಡದಲ್ಲಿ ಬೋರಲು ಬಿದ್ದಳು. "ಒಳಗ ನನ್ನ ಹುಲಿ ಐತಿ!"

"ಒಳಗ? ಯಾವ ಒಳಗ?"

ಅವಳು ಒಂದು ಇಟ್ಟಿಗೆ ಚೂರು ಸರಿಸಿ, ಮೊಳಕೈವರೆಗೆ ಕೈ ತೂರಿಸಿ, ಹುಲಿಯನ್ನು ಹಿಡಿದೆಳೆದಳು. ಸೌಟಿನಿಂದ ತೋಡಿದ ಆ ಗವಿಗೆ ಹುಲಿಯೇ ಕಂಬವಾಗಿತ್ತು. ಅವಳು ಎದ್ದು ಪಕ್ಕಕ್ಕೆ ಹಾರಿದಳು; ವೈರಿಭಯಂಕರವು ಒಮ್ಮೆ ನಿಟ್ಟುಸಿರಿಟ್ಟಿತು; ಚಂಪಕ್ಕನ ಭಾರಕ್ಕೆ ಗೇಟು ಧಡಾರನೆ ತೆರೆದು, ಬುರುಜು ಗೋಡೆಯ ಮೇಲೆ, ಗೋಡೆ ಮೆಟ್ಟಿಲ ಮೇಲೆ, ಮೆಟ್ಟಿಲು ಸೈನಿಕರ ಮೇಲೆ ಉರುಳಿತು. ಮಣ್ಣಿನ ರಾಜನು ಜಾರುತ್ತ ಬಂದು ಓಂಕಾರನ ಕಾಲ ಬಳಿ ನಿಂತನು. ಓಂಕಾರನು ತನ್ನ ಅಧಿಕಾರದಂತೆ ಚಪ್ಪಾಳೆ ತಟ್ಟಿ, "ಇನ್ನೊಮ್ಮೆ!" ಎಂದನು.

ದೀಪ ಆರಿರಲಿಲ್ಲ. ಚಂಪಕ್ಕ ಸೀರೆಯ ನೆರಿಗೆ ಎತ್ತಿ ಅವಶೇಷಗಳನ್ನು ದಾಟಿ ಬಂದು, ಮಣ್ಣು ಮೆತ್ತಿದ ತಮ್ಮನ ಹಣೆಯನ್ನು ಸೆರಗಿನಿಂದ ಒರೆಸಿ ಕುಂಕುಮವಿಟ್ಟು ಬೆಳಗಿದಳು. ರುದ್ರಗೌಡರು ದಿಬ್ಬವನ್ನು ಒಂದು ಸುತ್ತು ಹಾಕಿದರು.

"ಹ್ವಾದ ವರ್ಷ ಹುತ್ತ ಅಂದಿದ್ದೆ, ತಪ್ಪಾತು," ಎಂದರು. "ಹುತ್ತ ಹಿಂಗ ಬೀಳಂಗಿಲ್ಲ."

ಅಕ್ಕ ಭಾವ ಉಂಡಿ ತಿನ್ನಲು ಒಳಗೆ ಹೋದರು. ಅಂಗಳದಲ್ಲಿ ಇಂಚರಾ, ಓಂಕಾರ ಇಬ್ಬರೂ ಕೆಡವಿದ ಮಣ್ಣಿನಲ್ಲಿ ಕೂತು, ಮೊದಲು ಒಂದು ಗವಿ ಮಾಡಿ, ಅದರ ಮೇಲೆ ಗುಡ್ಡ ಏರಿಸತೊಡಗಿದ್ದರು. ಮಲ್ಲಸರ್ಜನು ಸ್ವಲ್ಪ ಹೊತ್ತು ನಿಂತು ನೋಡಿದನು.

"ನಾನೂ ಬರಲೇನವ್ವಾ?"

ಇಂಚರಾ ಅವನ ಕೈಗಳನ್ನೂ ಹುಲಿಯನ್ನೂ ಒಮ್ಮೆ ನೋಡಿ ಯೋಚಿಸಿದಳು.

"ಕಟ್ಟಬ್ಯಾಡ. ನೀರು ತಂದು ಕೊಡು."

ಹಾಗೆ ಆ ದುರ್ಗಾಧಿಪತಿ, ಆಡುಕುಲಭಯಂಕರ, ಸಕಲಬುರುಜುಶಿಲ್ಪಿ ಮಲ್ಲಸರ್ಜನು ಪ್ಲಾಸ್ಟಿಕ್ ಬಕೀಟು ಹಿಡಿದು ನಳದ ಕಡೆಗೆ ನಡೆದನು.

ನಳಕ್ಕೆ ನೀರು ಬಂದಿರಲಿಲ್ಲ.