ನಮ್ಮವರ ಆಪರೇಷನ್ನೂ ಡಬಲ್ ವಿಸಿಲ್ಲೂ

ನಮ್ಮ ಮನೆಯಲ್ಲಿ ಗಂಭೀರವಾದದ್ದು ಏನು ನಡೆದರೂ ಅದರ ಬೆನ್ನಿಗೇ ಒಂದು ನಗೆಪಾಟಲು ಬಂದು ಕೂತಿರುತ್ತದೆ. ನಾವೇನೂ ಕರೆಯುವುದಿಲ್ಲ. ನಮ್ಮ ಮದುವೆಯ ದಿನ ಧಾರೆಯ ಹೊತ್ತಿಗೆ ಮಂಟಪದ ಸುತ್ತ ಜನ ಮುತ್ತಿಕೊಂಡಾಗ ಮದುಮಗನೇ ಕೈ ಎತ್ತಿ, "ಸ್ವಲ್ಪ ಹಿಂದೆ ಹೋಗಿ, ಹಿಂದೆ ಜಾಗ ಉಂಟು" ಎಂದು ಕೂಗಿಬಿಟ್ಟಿದ್ದರು. ಅಭ್ಯಾಸಬಲ. ನಮ್ಮವರು ಉಡುಪಿ–ಕಾರ್ಕಳ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಈಗ ನಿವೃತ್ತರು, ಕಾಪುವಿನ ಮನೆಯಲ್ಲಿದ್ದಾರೆ. ಅದೇ ಮನೆಯ ಚಾವಡಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು, ಸೀರೆಯ ಫಾಲು ಎಂದು ದಿನವಿಡೀ ಕೈಯಾಡಿಸುವವಳು ನಾನು. ಸುಮ್ಮನೆ ಕೂತು ನನಗೆ ಗೊತ್ತೇ ಇಲ್ಲ. ಅಂಥವಳಿಗೆ ದೇವರು ಕಾಯುವ ಕೆಲಸವನ್ನೇ ಕೊಟ್ಟುಬಿಟ್ಟ.

ಇದ್ದಲ್ಲೇ ಉಂಟು

ಪದೇ ಪದೇ ಮೂತ್ರಕ್ಕೆ ಏಳುತ್ತಾರೆಂದು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಯಸ್ಸಾದ ಮೇಲೆ ಎಲ್ಲರಿಗೂ ಆಗುವುದೇ, ಒಂದು ಮಾತ್ರೆ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆವು. ಆ ಪರೀಕ್ಷೆ, ಈ ಪರೀಕ್ಷೆ ಎಲ್ಲಾ ಮುಗಿದ ಮೇಲೆ ಡಾಕ್ಟರು ಮೆಲ್ಲಗೆ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿದೆ ಎಂದರು. ಮೂತ್ರಚೀಲದ ಕೆಳಗೆ ಇರುವ ಚಿಕ್ಕದೊಂದು ಗ್ರಂಥಿಯಂತೆ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅಂಥದ್ದೊಂದು ಇವರೊಳಗೆ ಇದೆ ಎಂಬುದೇ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ಕುರ್ಚಿಯಲ್ಲಿ ಹೇಗೆ ಕೂರುವುದೆಂದೇ ತಿಳಿಯಲಿಲ್ಲ.

"ಕೂತ್ಕೊಳ್ಳಿ ಅಮ್ಮ," ಎಂದರು ಡಾಕ್ಟರು. "ಅದು ಇದ್ದಲ್ಲೇ ಉಂಟು, ಮುಂದೆ ಹೋಗಿಲ್ಲ. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದುಬಿಡುವ."

ಆಗ ನಮ್ಮವರು ಬಾಯಿಬಿಟ್ಟರು. "ಜೀವಮಾನವಿಡೀ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಬೊಬ್ಬೆ ಹಾಕಿದವ ನಾನು. ಮಾತು ಕೇಳದೆ ಬಾಗಿಲಲ್ಲೇ ನಿಂತವರನ್ನು ಕಂಡು ಖುಷಿ ಆದದ್ದು ಇದೇ ಮೊದಲು ಡಾಕ್ಟ್ರೇ."

ನಾಲ್ಕು ಕಾಯಿಲೆಯ ಮನುಷ್ಯ

ನಮ್ಮ ಕಡೆ ಆಪರೇಷನ್ ಎಂದರೆ ಮೊದಲ ಪ್ರಶ್ನೆ "ಎಂತದ್ದು?" ಅಲ್ಲ, "ಎಲ್ಲಿಗೆ?" ಎಂಬುದು. ನಮ್ಮವರಿಗೆ ಮೈಯ ಆ ಜಾಗದ ಹೆಸರು ಹೇಳುವುದಕ್ಕೆ ನಾಚಿಕೆ. ಕ್ಯಾನ್ಸರ್ ಎನ್ನುವುದಕ್ಕೆ ನನಗೆ ಹೆದರಿಕೆ. ಹಾಗಾಗಿ ಜನರಿಗೆ ಹೇಳುವ ಕೆಲಸವನ್ನು ಅವರಿಗೇ ಬಿಟ್ಟೆ. ಅವರು ಕೇಳಿದವರಿಗೆಲ್ಲ ಬಾಯಿಗೆ ಬಂದದ್ದು ಹೇಳಿದ್ದರೆಂದು ನನಗೆ ತಿಳಿದದ್ದು ಆಪರೇಷನ್ನಿನ ಹಿಂದಿನ ಭಾನುವಾರ, ಎಲ್ಲರೂ ಒಟ್ಟಿಗೆ ನೋಡಲು ಬಂದಾಗ.

ಕಾರ್ಕಳದಿಂದ ಬಂದ ಅವರ ಅಕ್ಕ ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ಬಾಳೆದಿಂಡಿನ ರಸ ತಂದಿದ್ದರು. "ಕಿಡ್ನಿ ಕಲ್ಲಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ, ಕುಡಿ."

ಎದುರು ಮನೆಯವರು ತೀರಿಹೋದ ಅವರಪ್ಪನ ಹರ್ನಿಯಾ ಬೆಲ್ಟನ್ನು ಒಗೆದು ಇಸ್ತ್ರಿ ಹಾಕಿ ತಂದಿದ್ದರು. "ಕಲ್ಲಾ? ಎಂತ ಕಲ್ಲು? ಇವರಿಗೆ ಹರ್ನಿಯಾ ಅಲ್ವಾ?"

ಹಿರಿಯಡ್ಕದಿಂದ ಬಂದವರು ಇವರ ಬಸ್ಸಿನ ಹಳೆಯ ಡ್ರೈವರು. "ಹರ್ನಿಯಾ ಎಲ್ಲಿಂದ ಬಂತು ಮಾರಾಯ್ರೇ! ಅಪೆಂಡಿಕ್ಸ್. ನನಗೆ ಫೋನಿನಲ್ಲಿ ಅವರೇ ಹೇಳಿದ್ದು."

ಮೂವರ ನಡುವೆ ಜೋರು ಚರ್ಚೆ ಹತ್ತಿಕೊಂಡಿತು. ನಮ್ಮವರು ಫ್ಯಾನು ನೋಡುತ್ತಾ ಕೂತರು. ನಾನು ಒಳಗೆ ಹೋಗಿ ಬೇಡದಿದ್ದರೂ ಇನ್ನೊಮ್ಮೆ ಚಾಕ್ಕೆ ನೀರಿಟ್ಟೆ. ಅದೇ ಹೊತ್ತಿಗೆ ಪಕ್ಕದ ಮನೆಯ ಹಾಜಿಯವರು ಬಂದರು. ಗಲ್ಫಿನಲ್ಲಿ ದುಡಿದು ಬಂದು ಕಾಪು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಾತಿನಲ್ಲಿ ಮುಚ್ಚುಮರೆ ಇಲ್ಲದವರು. ನೇರವಾಗಿ ನಮ್ಮವರ ಹತ್ತಿರ ಕೂತು, "ಹೆದರಬೇಡಿ ಅಣ್ಣ. ನನಗೂ ಅದೇ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಗಲ್ಫಿನಲ್ಲಿದ್ದಾಗಲೇ ಆಪರೇಷನ್ ಆಗಿ ವರ್ಷಗಳಾಯ್ತು, ನೋಡಿ, ಗಟ್ಟಿಮುಟ್ಟು ಇದ್ದೇನೆ. ಮೊನ್ನೆ ಚೆಕಪ್ಪಿಗೆ ಹೋದಾಗ ನಿಮ್ಮನ್ನು ಅದೇ ಡಾಕ್ಟರ ಬಾಗಿಲಲ್ಲಿ ನೋಡಿದೆ" ಎಂದರು.

ಡ್ರೈವರು ನೆಲ ನೋಡಿದರು. ಎದುರು ಮನೆಯವರು ಬೆಲ್ಟನ್ನು ಮೆಲ್ಲಗೆ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನನಗೆ ಮಾತ್ರ ಎಷ್ಟೋ ದಿನಗಳ ನಂತರ ಎದೆ ಸ್ವಲ್ಪ ಹಗುರಾಯಿತು. ಈ ಕಾಯಿಲೆ ಬಂದೂ ಚಾಕ್ಕೆ ಕಾಯುತ್ತಾ ಕೂತವರೊಬ್ಬರು ನಮ್ಮ ಚಾವಡಿಯಲ್ಲೇ ಇದ್ದರು.

ಅಕ್ಕ ಕಣ್ಣೊರೆಸಿಕೊಂಡು, ಲೋಟಕ್ಕೆ ರಸ ಬಗ್ಗಿಸಿ ತಮ್ಮನ ಮುಂದೆ ಹಿಡಿದರು. "ಯಾವುದಾದರೂ ಇರಲಿ. ದಿಂಡಿನ ರಸ ಎಲ್ಲದಕ್ಕೂ ಆಗ್ತದೆ. ಕುಡಿ."

ಬಿಚ್ಚಬೇಕಾದ ಹೊಲಿಗೆ

ಆಪರೇಷನ್ನಿನ ದಿನ ಇವರನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಇವರು ಕೈ ಎತ್ತಿ "ರೈಟ್" ಎಂದರು. ನನಗೆ ಅಳು ಬಂತು. ಆದರೆ ಹೊರಗೆ ಸಾಲಾಗಿ ಕೂತವರ ಎದುರು ಅಳುವುದು ಹೇಗೆ? ಕಾಲು ನಿಲ್ಲಲಿಲ್ಲ. ಕಿಟಕಿಯವರೆಗೆ ಹೋಗುವುದು, ಬರುವುದು. ಸೆಕ್ಯುರಿಟಿಯವ, "ಅಮ್ಮ, ನೀವು ಹೀಗೆ ರಸ್ತೆಯಲ್ಲಿ ನಡೆದಿದ್ದರೆ ಇಷ್ಟು ಹೊತ್ತಿಗೆ ಉಡುಪಿ ಮುಟ್ಟುತ್ತಿದ್ದಿರಿ" ಎಂದ.

ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದ ಕಾರಣ ಚೀಲದಲ್ಲಿ ಗಿರಾಕಿಯೊಬ್ಬರ ರೇಷ್ಮೆ ಸೀರೆ, ಫಾಲು, ಸೂಜಿ, ನೂಲು ಎಲ್ಲಾ ತಂದಿದ್ದೆ. ಮಡಿಲಲ್ಲಿ ಸೀರೆ ಹರಡಿಕೊಂಡು ಫಾಲು ಹೊಲಿಯಲು ಕೂತೆ. ಕೈ ಓಡುತ್ತಿತ್ತು, ಮನಸ್ಸು ಆ ಬಾಗಿಲ ಒಳಗಿತ್ತು. ಇವರಿಲ್ಲದ ಮನೆ ಹೇಗಿರಬಹುದೆಂಬ ಯೋಚನೆ ಬಂದಾಗಲೆಲ್ಲ ಇನ್ನೂ ಬೇಗ ಹೊಲಿಯುತ್ತಿದ್ದೆ. ಕೊನೆಗೂ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ನಾನು ದಡಬಡಿಸಿ ಎದ್ದು ಓಡಿದೆ. ನನ್ನ ಹಿಂದೆ ಗಿರಾಕಿಯ ರೇಷ್ಮೆ ಸೀರೆಯೂ ನೆಲ ಗುಡಿಸುತ್ತಾ ಓಡಿ ಬಂತು. ಅದರ ಫಾಲನ್ನು ಉದ್ದಕ್ಕೂ ನಾನು ಉಟ್ಟ ಸೀರೆಗೇ ಸೇರಿಸಿ ಹೊಲಿದುಬಿಟ್ಟಿದ್ದೆ.

ಡಾಕ್ಟರು ನನ್ನನ್ನೂ ಸೀರೆಯನ್ನೂ ನೋಡಿ ಹೇಳಿದರು, "ನಮ್ಮ ಹೊಲಿಗೆ ಸರಿಯಾಗಿ ಬಂದಿದೆ ಅಮ್ಮ. ನಿಮ್ಮದನ್ನು ಮಾತ್ರ ಬಿಚ್ಚಬೇಕಾದೀತು."

ಖಾಕಿ ಚೀಲ

ಮನೆಗೆ ಕಳಿಸುವಾಗ ಮೂತ್ರಕ್ಕೆಂದು ಹಾಕಿದ ನಳಿಗೆಯನ್ನು ತೆಗೆದಿರಲಿಲ್ಲ. ಅದರ ತುದಿಗೊಂದು ಪ್ಲಾಸ್ಟಿಕ್ ಚೀಲ. ಅದು ನಾಲ್ಕು ಜನರಿಗೆ ಕಾಣುತ್ತದೆಂದು ಇವರು ಮಂಚದಿಂದ ಇಳಿಯುವುದೇ ಇಲ್ಲ ಎಂದು ಹಟ ಹಿಡಿದರು. ನಾನು ಅದಕ್ಕೂ ಮೊದಲೇ ತಯಾರಿ ಮಾಡಿದ್ದೆ. ಅವರ ಹಳೆಯ ಯೂನಿಫಾರ್ಮಿನ ಖಾಕಿ ಬಟ್ಟೆಯಲ್ಲಿ ಅಳತೆಗೆ ಸರಿಯಾದ ಒಂದು ಚೀಲ ಹೊಲಿದು, ಉದ್ದ ಪಟ್ಟಿ ಇಟ್ಟು ತಂದಿದ್ದೆ. ಪ್ಲಾಸ್ಟಿಕ್ಕು ಅದರೊಳಗೆ ಮಾಯ. ಸೊಂಟದಿಂದ ಕೆಳಗೆ ಇಳಿಬಿಟ್ಟುಕೊಂಡು ಇವರು ಠೀವಿಯಿಂದ ಹೊರಟರು.

ಹಾಜಿಯವರು ಕಾರು ತರುತ್ತೇನೆಂದಿದ್ದರು. ರಸ್ತೆಯ ಬದಿಯಲ್ಲಿ ಕಾಯುತ್ತಾ ನಿಂತಿದ್ದೆವು. ಪಕ್ಕದಲ್ಲೇ ಬಸ್‌ಸ್ಟಾಪು. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದವನೊಬ್ಬ ಇವರ ಖಾಕಿ ಚೀಲ ನೋಡಿ ಹತ್ತಿರ ಬಂದ.

"ಕಾರ್ಕಳಕ್ಕ ಹೊಂಟದೇನ್ರೀ ಬಸ್ಸು?"

"ಹೋಗ್ತದೆ, ಈಗ ಬರ್ತದೆ" ಎಂದರು ನಮ್ಮವರು. ಕೇಳಿದರೆ ಹೇಳದೆ ಇರುವುದು ಅವರಿಂದ ಸಾಧ್ಯವಿಲ್ಲ.

"ಹಂಗಾರ ಒಂದು ಟಿಕೀಟು ಕೊಡ್ರೀ" ಎಂದು ಅವನು ನೋಟು ನೀಡಿದ.

ಇವರ ಎಡಗೈ ನೋಟು ತೆಗೆದುಕೊಂಡಿತು. ಬಲಗೈ ಚಿಲ್ಲರೆ ಹುಡುಕಲು ತನ್ನಷ್ಟಕ್ಕೇ ಚೀಲದ ಬಾಯಿಗೆ ಹೋಯಿತು. ಇಡೀ ಮಣಿಪಾಲಕ್ಕೆ ಕೇಳುವಂತೆ ನಾನು ಕೂಗಿದೆ, "ಓಯ್! ಅದರೊಳಗೆ ಕೈ ಹಾಕಬೇಡಿ! ಅದರಲ್ಲಿ ಚಿಲ್ಲರೆ ಇಲ್ಲ!"

ಮುಗಿದ ಗ್ಯಾಸು

ನಳಿಗೆ ತೆಗೆದ ಮೇಲೆ ನಿಜವಾದ ಪೇಚಾಟ ಶುರುವಾಯಿತು. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಸೋರುತ್ತಿತ್ತು. ಪ್ಯಾಡ್ ಕಟ್ಟಿಕೊಳ್ಳಬೇಕು. ಹೊಟ್ಟೆಯ ಕೆಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿದರೆ ಬರಬರುತ್ತಾ ಸರಿಯಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಇವರಿಗೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕೆಂದೇ ಗೊಂದಲ. ಮುಖ ಬಿಗಿದುಕೊಂಡು ಕೂರುತ್ತಿದ್ದರೇ ಹೊರತು ಬೇರೇನೂ ಬಿಗಿಯುತ್ತಿರಲಿಲ್ಲ. ನಗಿಸುತ್ತಿದ್ದ ಮನುಷ್ಯ ನಗುವುದಕ್ಕೇ ಹೆದರುತ್ತಿದ್ದುದು ನೋಡಿ ನನಗೆ ಸಂಕಟವಾಗುತ್ತಿತ್ತು.

ಕಪಾಟಿನಿಂದ ಅವರ ಹಳೆಯ ವಿಸಿಲ್ ತೆಗೆದೆ. "ನೋಡಿ, ಬಸ್ಸಿನ ಲೆಕ್ಕವೇ. ಸಿಂಗಲ್ ಊದಿದರೆ ನಿಲ್ಲಿಸಿ. ಡಬಲ್ ಊದಿದರೆ ಬಿಡಿ."

ಅವತ್ತೇ ದಾರಿಗೆ ಬಂದರು! ನಾನು ಮಿಷನ್ ತುಳಿಯುತ್ತಾ ವಿಸಿಲ್ ಊದುವುದು, ಅವರು ಈಜಿಚೇರಿನಲ್ಲಿ ಹಿಡಿಯುವುದು, ಬಿಡುವುದು. ಓಣಿಯಲ್ಲಿ ಹೋಗುವ ರಿಕ್ಷಾಗಳು ಪಕ್ಕನೆ ನಿಲ್ಲುತ್ತಿದ್ದವು, ಅದು ಬೇರೆ ವಿಷಯ.

ಒಂದು ದಿನ ಕುಕ್ಕರಿನಲ್ಲಿ ಕಡಲೆ ಇಟ್ಟು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕುಕ್ಕರು ಒಂದು ವಿಸಿಲ್ ಹಾಕಿತು. ಆಮೇಲೆ ಸದ್ದೇ ಇಲ್ಲ, ಗ್ಯಾಸು ಮುಗಿದಿತ್ತು. ಬಟ್ಟೆ ಹಾಕಿ, ಕರಿಬೇವು ಕೊಯ್ದು, ಬೇಲಿಯ ಹತ್ತಿರ ಹಾಜಿಯವರ ಹೆಂಡತಿಯ ಜೊತೆ ನಾಲ್ಕು ಮಾತಾಡಿ ಬರುವಾಗ ಚಾವಡಿಯಿಂದ ಕಿರುಚಾಟ. ಇವರು ಕಂಬ ಹಿಡಿದುಕೊಂಡು ಕೆಂಪಗಾಗಿ ನಿಂತಿದ್ದಾರೆ.

"ಡಬಲ್ ಊದು ಮಾರಾಯ್ತಿ! ಎಷ್ಟು ಹೊತ್ತು ಅಂತ ನಿಲ್ಲಿಸಿಕೊಳ್ಳುವುದು?"

ಕೊನೆಯ ಸ್ಟಾಪು

ಆಪರೇಷನ್ ಆದರೂ ಕಾಯಿಲೆ ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಆಮೇಲಿನ ರಕ್ತಪರೀಕ್ಷೆಯಲ್ಲಿ. ಅದರ ನಂಬರು ಹತ್ತಿರಹತ್ತಿರ ಸೊನ್ನೆಗೆ ಇಳಿದಿರಬೇಕು. ಇಲ್ಲದಿದ್ದರೆ ಮುಂದಿನ ಚಿಕಿತ್ಸೆ, ಮತ್ತೆ ಓಡಾಟ. ರಕ್ತ ಕೊಟ್ಟು ಬಂದ ಮೇಲೆ ನಾನು ತೊಳೆದ ಪಾತ್ರೆಯನ್ನೇ ತೊಳೆದೆ. ಮೂರು ಬ್ಲೌಸಿಗೆ ತೋಳು ಉಲ್ಟಾ ಇಟ್ಟೆ.

ರಿಪೋರ್ಟು ಕೇಳಲು ಹೋಗುವ ದಿನ ಹಾಜಿಯವರು ಕಾರು ತರುತ್ತೇನೆಂದರೂ ಇವರು ಒಪ್ಪಲಿಲ್ಲ. "ಬಸ್ಸಿಲ್ಲವಾ? ನಾನೆಂತ ರೋಗಿಯಾ?"

ಬಸ್ಸಿನ ಕಂಡಕ್ಟರು ಇವರ ಕೈಕೆಳಗೆ ಕೆಲಸ ಕಲಿತವ. "ಬನ್ನಿ ಅಣ್ಣ, ಬನ್ನಿ" ಎಂದು ಮುಂದಿನ ಸೀಟನ್ನೇ ಬಿಡಿಸಿಕೊಟ್ಟ. ಗುರುಗಳು ಹತ್ತಿದ್ದಾರೆಂಬ ಖುಷಿಗೆ ವಿಸಿಲನ್ನೂ ಎಂದಿಗಿಂತ ಜೋರಾಗಿ ಹಾಕಿದ. ಮೊದಲನೇ ಸ್ಟಾಪು ಬಂತು, ಸಿಂಗಲ್. ಇವರ ಬೆನ್ನು ನೆಟ್ಟಗಾಯಿತು. ಜನ ಹತ್ತಿದರು, ಡಬಲ್. ಇವರು ನನ್ನ ಮುಖ ನೋಡಿದರು. ನನಗೆ ಆಗ ಹೊಳೆಯಿತು.

"ಪ್ಯಾಡ್ ಉಂಟಲ್ವಾ?" ಎಂದು ಕಿವಿಯಲ್ಲಿ ಕೇಳಿದೆ.

"ಉಂಟು. ಆದರೆ ಕಟಪಾಡಿಯವರೆಗೆ ಮಾತ್ರ ತಡೆದೀತು."

ಕಟಪಾಡಿಯಲ್ಲಿ ಇವರು ಕಂಡಕ್ಟರನನ್ನು ಹತ್ತಿರ ಕರೆದು, "ವಿಸಿಲ್ ಬೇಡ ಮಾರಾಯ, ಬಾಯಲ್ಲೇ ಹೇಳು. ಹಳೇ ಕ್ರಮ ಅದೇ" ಎಂದರು. ಅವನು ತಲೆಬಾಗಿ, ಉಡುಪಿಯವರೆಗೂ ಗಂಟಲು ಹರಿಯುವಂತೆ "ರೈಟ್, ರೈಟ್" ಎಂದು ಕೂಗಿದ. ಅಲ್ಲಿಂದ ಮಣಿಪಾಲಕ್ಕೆ ನಾನು ರಿಕ್ಷಾ ಹಿಡಿದೆ.

ಡಾಕ್ಟರು ಕಂಪ್ಯೂಟರು ನೋಡುತ್ತಿದ್ದಾಗ ನಾನು ಸೆರಗಿನ ತುದಿಯನ್ನು ತಿರುಚಿ ತಿರುಚಿ ಹಗ್ಗ ಮಾಡಿದ್ದೆ. ಕೊನೆಗೆ ಅವರು ತಿರುಗಿ ನಕ್ಕರು. "ನಂಬರು ಚೆನ್ನಾಗಿ ಇಳಿದಿದೆ. ಏನೂ ಉಳಿದ ಹಾಗೆ ಕಾಣುವುದಿಲ್ಲ. ಆಗಾಗ ಪರೀಕ್ಷೆ ಮಾಡಿಸುತ್ತಾ ಇದ್ದರೆ ಸಾಕು. ಸೋರುವುದು ಹೇಗುಂಟು?"

"ಯಾರೂ ವಿಸಿಲ್ ಹಾಕದಿದ್ದರೆ ಏನೂ ತೊಂದರೆ ಇಲ್ಲ ಡಾಕ್ಟ್ರೇ" ಎಂದರು ನಮ್ಮವರು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಹೊರಗೆ ಬಂದೆವು. ಕಾರಿಡಾರಿನ ಉದ್ದಕ್ಕೂ ಜನ ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದರು. ಇವರು ಬದುಕಿದ್ದಾರೆ, ನನ್ನ ಪಕ್ಕದಲ್ಲೇ ನಡೆಯುತ್ತಿದ್ದಾರೆ, ಮನೆಗೆ ಬಂದು ಚಾ ಸಪ್ಪೆ ಎಂದು ಇನ್ನೂ ಎಷ್ಟೋ ವರ್ಷ ಗೊಣಗುತ್ತಾರೆ. ಅಷ್ಟು ದಿನ ಒತ್ತಿ ಹಿಡಿದದ್ದೆಲ್ಲ ಕಣ್ಣಿಗೆ ಬಂತು. ಕಣ್ಣೊರೆಸಲು ಕರವಸ್ತ್ರಕ್ಕೆಂದು ಚೀಲಕ್ಕೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಅಭ್ಯಾಸಬಲದಿಂದ ಹಾಕಿಕೊಂಡು ಬಂದ ವಿಸಿಲ್. ಎಂತ ಮಾಡುತ್ತಿದ್ದೇನೆಂದು ನನಗೇ ಗೊತ್ತಿಲ್ಲ, ಬಾಯಿಗಿಟ್ಟು ಉಸಿರಿದ್ದಷ್ಟೂ ಊದಿದೆ. ಡಬಲ್!

ಕಾರಿಡಾರಿಗೆ ಕಾರಿಡಾರೇ ನಮ್ಮ ಕಡೆ ತಿರುಗಿತು. ನಮ್ಮವರು ಎರಡೂ ಕೈಯಲ್ಲಿ ಲುಂಗಿ ಒತ್ತಿ ಹಿಡಿದು, ಗೋಡೆಗೆ ಒರಗಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮನಸಾರೆ ನಗುತ್ತಾ ಕೂಗಿದರು,

"ಸಿಂಗಲ್ ಊದು ಮಾರಾಯ್ತಿ! ಬೇಗ ಸಿಂಗಲ್ ಊದು!"