ತಣ್ಣಗಾದ ಮೇಲೆ ಒಡೆಯುವ ಬಿಲ್ಲೆ

ಬಿಸಿಯಾದಾಗ ಸಿಡಿಯುವವರ ಜೊತೆ ಬದುಕುವುದು ಅಷ್ಟೇನೂ ಕಷ್ಟವಲ್ಲ. ಅವರು ಸಿಡಿಯುವ ಹೊತ್ತು ನಮಗೆ ಗೊತ್ತಿರುತ್ತದೆ, ಸ್ವಲ್ಪ ದೂರ ನಿಂತರಾಯಿತು. ನಮ್ಮ ತಂದೆ ಆ ಪೈಕಿ. ಕಾಫಿ ತಡವಾದರೆ ಸೂರು ಹಾರಿಹೋಗುವಂತೆ ಕೂಗಾಡಿ, ಕಾಫಿ ಬಂದ ಮೇಲೆ ಏನೂ ಆಗಿಲ್ಲದವರಂತೆ ಪೇಪರು ಓದುತ್ತಿದ್ದರು. ನಿಜವಾದ ಪೀಕಲಾಟ ಇನ್ನೊಂದು ತರಹದವರದು. ಬಿಸಿಯಲ್ಲೆಲ್ಲ ಸುಮ್ಮನಿದ್ದು, ಎಲ್ಲ ತಣ್ಣಗಾಯಿತಪ್ಪಾ ಎಂದು ನಾವು ಉಸಿರು ಬಿಡುವ ಹೊತ್ತಿಗೆ ಟಪ್ಪೆಂದು ಒಡೆಯುತ್ತಾರೆ. ಅಂಥದ್ದೊಂದರ ಜೊತೆ ನಾನು ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಪೀಳಮೇಡಿನ ಒಂದು ಕಾಲೇಜಿನಲ್ಲಿ ಏಗಿದ್ದೇನೆ. ಗಂಡನ ವಿಷಯ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರು ಬಿಸಿಯೂ ಆಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ನಾನು ಹೇಳುತ್ತಿರುವುದು ಲೆಡ್ ಟೈಟನೇಟ್ ಎಂಬ ಪಿಂಗಾಣಿಯ ಕಥೆ. ನನ್ನ ಪಿಎಚ್.ಡಿ. ಅದರ ಮೇಲಿತ್ತು, ಅಥವಾ ಅದರ ಚೂರುಗಳ ಮೇಲಿತ್ತು.

ಪೆರೊವ್‌ಸ್ಕೈಟ್ ಎಂಬ ದೊಡ್ಡ ಮನೆತನದ ಕೂಸು ಇದು. ಸೀಸದ ಪುಡಿ, ಟೈಟೇನಿಯಂ ಪುಡಿ ಸೇರಿಸಿ, ಅರೆದು, ಒತ್ತಿ, ಹಣೆಯ ಬೊಟ್ಟಿಗಿಂತ ಸ್ವಲ್ಪ ದೊಡ್ಡ ಬಿಲ್ಲೆ ಮಾಡಿ ಫರ್ನೇಸಿನಲ್ಲಿ ಸುಡಬೇಕು. ಇದರೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ವಿದ್ಯುತ್ ಮುಳ್ಳುಗಳಿವೆ ಎಂದುಕೊಳ್ಳಿ. ವೋಲ್ಟೇಜು ಕೊಟ್ಟರೆ ಅವು ಒಂದು ಕಡೆಗೆ ಮುಖ ಮಾಡುತ್ತವೆ, ತೆಗೆದರೂ ಹಾಗೇ ನಿಲ್ಲುತ್ತವೆ, ತಿರುಗಾಮುರುಗಾ ಕೊಟ್ಟರೆ ತಿರುಗಿ ನಿಲ್ಲುತ್ತವೆ. ಫೆರೋಎಲೆಕ್ಟ್ರಿಕ್ ಎನ್ನುವುದು ಈ ಗುಣವನ್ನೇ. ಇಷ್ಟೇ ಆಗಿದ್ದರೆ ಬಂಗಾರದಂಥ ವಸ್ತು. ಆದರೆ ಇದರ ಇನ್ನೊಂದು ಗುಣ ವಕ್ರ. ಲೋಕದಲ್ಲಿ ಎಲ್ಲವೂ ಕಾಯಿಸಿದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಇದು ಐನೂರು ಡಿಗ್ರಿಯ ಹತ್ತಿರದ ತನಕ ಕಾಯಿಸಿದಷ್ಟೂ ಕುಗ್ಗುತ್ತದೆ. ಸುಟ್ಟ ಬಿಲ್ಲೆ ಆರುತ್ತಾ ಬಂದು ಆ ಗಡಿ ದಾಟಿತೋ, ಒಳಗಿನ ಒಂದೊಂದು ಕಣವೂ ತನಗೆ ತೋಚಿದ ದಿಕ್ಕಿಗೆ ಕಾಲು ಚಾಚುತ್ತದೆ. ಗಾಂಧಿಪುರಂ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಕೂತ ಐವರು ಒಟ್ಟಿಗೇ ಕಾಲು ಚಾಚಿದ ಹಾಗೆ. ಬೆಳಗ್ಗೆ ನೋಡಿದರೆ ಬಿಲ್ಲೆಯ ಜಾಗದಲ್ಲಿ ಹಳದಿ ಪುಡಿ.

ನಾನು ಮೈಸೂರು ಕಡೆಯವಳು. ಮದುವೆಯಾಗಿ ಬಂದದ್ದು ಪೆರಿಯನಾಯಕನಪಾಳ್ಯದ ನೇಕಾರರ ಮನೆಗೆ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ. ಒಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಹೊಸ್ತಿಲ ಮೇಲೆ ಎರಡೂ. ನಾನು ಬಾಯಿ ಬಿಟ್ಟರೆ ರೇಡಿಯೋ ವಾರ್ತೆ ಕೇಳಿದ ಹಾಗಾಗುತ್ತದೆ ಎಂದು ಅತ್ತೆ ನಗುತ್ತಿದ್ದರು. ಒಂದು ದಿನ ಅವರು ನಾನು ಕಾಲೇಜಿನಲ್ಲಿ ಮಾಡುವ ಕೆಲಸವೇನು ಎಂದು ಕೇಳಿದಾಗ, ಬಿಸಿಗೆ ಕುಗ್ಗಿ ತಣ್ಣಗಾದಾಗ ಹಿಗ್ಗುವ ಬಿಲ್ಲೆಯ ಬಗ್ಗೆ ಆದಷ್ಟು ಸರಳವಾಗಿ ಹೇಳಿದೆ. ಅವರು ಗಮನವಿಟ್ಟು ಕೇಳಿ, ಹಾಗೆಲ್ಲ ಆಗುವುದುಂಟೇ, ನಿನ್ನ ಒಲೆಯಲ್ಲೇ ಏನೋ ದೋಷ ಇದೆ, ರಿಪೇರಿಗೆ ಕೊಡು ಎಂದರು. ವಿಜ್ಞಾನದ ಮೇಲೆ ಅವರಿಗೆ ನಂಬಿಕೆ ಕಡಿಮೆ ಇರಲಿಲ್ಲ, ಆ ಊರಿನ ಮೆಕ್ಯಾನಿಕ್ಕುಗಳ ಮೇಲೆ ಜಾಸ್ತಿ ಇತ್ತು.

ಒಡೆಯುವುದಕ್ಕೆ ಔಷಧವೇನೋ ಇದೆ. ಸೀಸದ ಜಾಗದಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಸೇರಿಸಿದರೆ ಕಣಗಳು ಕಾಲು ಚಾಚುವುದು ಕಡಿಮೆಯಾಗುತ್ತದೆ. ಆದರೆ ಜಾಸ್ತಿ ಹಾಕಿದರೆ ಆ ಮುಳ್ಳುಗಳೂ ಮಲಗಿಬಿಡುತ್ತವೆ. ನಾನು ಮೊದಲು ಭಯಪಟ್ಟು ಧಾರಾಳವಾಗಿ ಹಾಕಿದೆ. ಬಿಲ್ಲೆ ಇಡಿಯಾಗಿ ಹೊರಬಂತು, ಆದರೆ ಯಾವ ವೋಲ್ಟೇಜು ಕೊಟ್ಟರೂ ಮಿಸುಕಲಿಲ್ಲ. ನಮ್ಮ ಗೈಡು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಚೌಕಾಬಾರ ಆಡಲು ಚೆನ್ನಾಗಿದೆ ಎಂದರು. ಆಮೇಲೆ ಕಡಿಮೆ ಮಾಡಿದೆ, ಪುಡಿಯಾಯಿತು. ಕೊನೆಗೆ ಲೆಕ್ಕ ಹಾಕಿ, ಇಷ್ಟಾದರೆ ಜೀವವೂ ಉಳಿಯಬೇಕು, ಮೈಯೂ ಉಳಿಯಬೇಕು ಎನ್ನುವ ನಡುವಿನ ಪ್ರಮಾಣ ಹಿಡಿದೆ. ಅದೂ ಪುಡಿ. ಫರ್ನೇಸು ಆರಿದ ದಿನ ಬೆಳಗ್ಗೆ ಗೈಡು ಬಾಗಿಲಲ್ಲಿ ನಿಂತು "ಎನ್ನಮ್ಮಾ, ತಿರುಂಬವುಂ ಪೊಡಿಯಾ?" ಎಂದು ಕೇಳುವುದು, ನಾನು ಮತ್ತೆ ಪುಡಿಯೇ ಎಂದು ತಲೆಯಾಡಿಸುವುದು ಸುಪ್ರಭಾತದಂತೆ ನಡೆಯುತ್ತಿತ್ತು.

ಇದರಲ್ಲಿ ನಗುವಂಥದ್ದು ಈಗ ಕಾಣುತ್ತದೆ, ಆಗ ಕಾಣುತ್ತಿರಲಿಲ್ಲ. ನನ್ನ ಫೆಲೋಶಿಪ್ಪು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹೊರಗಿನಿಂದ ಒಂದು ಸಮಿತಿ ಬರುವುದಿತ್ತು. ಅವರ ಮುಂದೆ ಇಡಿಯಾದ, ಜೀವ ಇರುವ ಒಂದು ಬಿಲ್ಲೆ ಇಡದಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಹಾಗೆ ಮುಗಿದರೆ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ, ಅದೇ ಭಯ. ಸಂತೋಷವಾಗಿ ಮನೆಯಲ್ಲಿರು ಅನ್ನುತ್ತಿದ್ದರು. ಎರಡು ಬಸ್ಸು ಹಿಡಿದು ಪೀಳಮೇಡಿಗೆ ಹೋಗಿ ಪುಡಿ ನೋಡಿ ಬರುವುದಾದರೂ ಸರಿ, ಅದಿಲ್ಲದ ದಿನ ನನಗೆ ಬೇಡವಾಗಿತ್ತು.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಸ್ವಲ್ಪ ಹೇಳಬೇಕು. ಚಿಕ್ಕವಳಿದ್ದಾಗ ಹುರುಳಿ ಬೀಜ ನೆಟ್ಟು, ಬೇರು ಬಂತೋ ಇಲ್ಲವೋ ಎಂದು ದಿನಾ ಅಗೆದು ನೋಡಿದವಳು ನಾನು. ಅದು ಕೊನೆಗೂ ಬರಲಿಲ್ಲ, ಪಾಪ, ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ನಮ್ಮ ಕಾಲೇಜಿನ ಫರ್ನೇಸು ಅಲ್ಲೇ ಊರಿನ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ದಪ್ಪ ಇಟ್ಟಿಗೆಯ ಆನೆ. ಸಂಜೆ ಆಫ್ ಮಾಡಿ ಹೋದರೆ ಮರುದಿನ ಬೆಳಗ್ಗೆಗೂ ಒಳಗೆ ಕೆಂಡದಂಥ ಬಿಸಿ. ಪೂರ್ತಿ ಆರುವ ತನಕ ಬಾಗಿಲು ತೆರೆಯಕೂಡದು ಎಂದು ಗೈಡು ಹೇಳಿದ್ದರು. ನಾನೂ ತೆರೆಯುತ್ತಿರಲಿಲ್ಲ. ಬೆಳಗ್ಗೆ ಹೋದ ಕೂಡಲೇ ಒಂದು ಬೆರಳಷ್ಟು ಸರಿಸಿ ಇಣುಕುತ್ತಿದ್ದೆ, ಅಷ್ಟೆ. ಒಂದು ಬೆರಳು ಸರಿಸಿದರೆ ತೆರೆದ ಹಾಗಲ್ಲ ಎಂಬುದು ನನ್ನ ಪ್ರಾಮಾಣಿಕ ನಂಬಿಕೆ. ಆ ಹೊತ್ತಿಗೆ ಸರಿಯಾಗಿ ಬಿಲ್ಲೆ ತನ್ನ ಗಡಿಯ ಮೇಲೆ ನಿಂತಿರುತ್ತಿತ್ತು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಪಾಲಕ್ಕಾಡು ಕಡೆಯಿಂದ ಬೀಸುವ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿಗೆ ಒಂದು ಬೆರಳು ಸಂದು ಧಾರಾಳವಾಯಿತು.

ಸಮಿತಿ ಬರುವ ಮೂರು ದಿನ ಮುಂಚೆ ಕೊನೆಯ ಸಲ ಎಂದು ಬಿಲ್ಲೆ ಇಟ್ಟು ಸುಟ್ಟು, ಸಂಜೆ ಆಫ್ ಮಾಡಿ ಮನೆಗೆ ಬಂದೆ. ಬೆಳಗ್ಗೆ ಎದ್ದು ತಲೆ ಬಾಚಿಕೊಂಡು ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಅಂದು ಅಮಾವಾಸ್ಯೆ. ನೇಕಾರರ ಮನೆಗಳಲ್ಲಿ ಅಂದು ಮಗ್ಗ ಮುಟ್ಟುವುದಿಲ್ಲ. ಕೈಮಗ್ಗ ಹೋಗಿ ಪವರ್‌ಲೂಮ್ ಬಂದಿದ್ದರೂ ನಮ್ಮ ಬೀದಿ ಅಂದು ಕಿವಿ ಕಿವುಡಾಗುವಷ್ಟು ನಿಶ್ಶಬ್ದವಾಗಿರುತ್ತಿತ್ತು. ಅದು ಮಗ್ಗಕ್ಕೆ ತಾನೇ, ನನ್ನದು ಫರ್ನೇಸು ಎಂದೆ.

"ನಿನಗೆ ಸೋರು ಹಾಕೋದು ಯಾವುದೋ ಅದೇ ನಿನ್ನ ತರಿ, ಅಮ್ಮಿಣಿ," ಎಂದರು ಅತ್ತೆ. "ಇವತ್ತು ಅದನ್ನ ಮುಟ್ಟಕೂಡದು. ಅದೂ ಮೂಚ್ಚು ವಿಡಲಿ."

ಅನ್ನ ಕೊಡುವುದೇ ಮಗ್ಗ, ಅದಕ್ಕೂ ಉಸಿರಾಡಲು ಒಂದು ದಿನ ಬೇಕು ಎಂಬುದು ಅವರ ವಾದ. ಸಹಾಯಕ್ಕೆಂದು ಗಂಡನ ಮುಖ ನೋಡಿದೆ. ಅವರು ರಜೆಯ ಗುಂಗಿನಲ್ಲಿ ಸೈಕಲ್ಲು ಒರೆಸುತ್ತಿದ್ದರು. ಎಲ್ಲರ ಮಗ್ಗಕ್ಕೂ ವಿಶ್ರಾಂತಿ, ನನಗೆ ಉದ್ದಿನ ಹಿಟ್ಟು ರುಬ್ಬುವ ಕೆಲಸ. ರುಬ್ಬುಗುಂಡು ತಿರುಗಿಸುತ್ತಾ ಅತ್ತೆಯನ್ನೂ, ಚಂದ್ರನನ್ನೂ, ಟೈಟೇನಿಯಮ್ಮನ್ನೂ ಮನಸಾರೆ ಬೈದೆ. ಅಂದಿನ ವಡೆಯಷ್ಟು ಮೃದುವಾದ ವಡೆ ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲವಂತೆ.

ಮರುದಿನ ಬೆಳಗ್ಗೆ ಹೋದಾಗ ಫರ್ನೇಸು ತಣ್ಣಗೆ ಮಲಗಿತ್ತು. ಬಾಗಿಲು ತೆರೆದೆ. ಬಿಲ್ಲೆ ಇತ್ತು. ಇಡಿಯಾಗಿ, ದುಂಡಗೆ, ಒಂದು ಗೆರೆಯೂ ಇಲ್ಲದೆ ಇತ್ತು. ಮುಟ್ಟಲು ಧೈರ್ಯವಾಗದೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಗೈಡು ಬಾಗಿಲಿಗೆ ಬಂದವರು ನನ್ನ ಮುಖ ನೋಡಿ ಅಂದಿನ ಸುಪ್ರಭಾತ ಬಿಟ್ಟು ಒಳಗೆ ಬಂದರು. ಎರಡೂ ಮುಖಕ್ಕೆ ಬೆಳ್ಳಿ ಬಳಿದು ವೋಲ್ಟೇಜು ಕೊಟ್ಟೆವು. ಆಸಿಲೋಸ್ಕೋಪಿನ ಹಸಿರು ಗೆರೆ ಮೊದಲು ನೆಟ್ಟಗೆ ನಿಂತಿತ್ತು, ಆಮೇಲೆ ಮೆಲ್ಲಗೆ ಹೊಟ್ಟೆ ಬಿಟ್ಟು ಓರೆಯಾದ ಎಲೆಯಂತೆ ಅರಳಿತು. ಅದರ ಅರ್ಥ ಬಿಲ್ಲೆಗೆ ಜೀವ ಇದೆ ಎಂದು. ಅಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಆ ಇಟ್ಟಿಗೆಯ ಆನೆ ಎದ್ದು ಹೋಯಿತು. ಅತ್ತೆ ಹೇಳಿದ ಹಾಗೆ ನಾನೂ ಮೂಚ್ಚು ಬಿಟ್ಟೆ.

ನಿನ್ನೆ ಯಾಕೆ ಬರಲಿಲ್ಲ ಎಂದು ಗೈಡು ಕೇಳಿದ್ದಕ್ಕೆ ಇದ್ದದ್ದನ್ನು, ಒಂದು ಬೆರಳಿನ ಇಣುಕಾಟದ ಸಮೇತ, ಹೇಳಿದೆ. ಅವರು ಫರ್ನೇಸಿನ ಬಾಗಿಲನ್ನೂ ನನ್ನ ಬೆರಳನ್ನೂ ನೋಡಿದರು. ದೇವರು ದಿಂಡರನ್ನು ನಂಬದ ಮನುಷ್ಯ. ನಾಳೆ ಸಮಿತಿಯ ಮುಂದೆ ಅಮಾವಾಸ್ಯೆ ಎನ್ನಬೇಡ, ನಿಧಾನವಾದ ತಂಪು ಎನ್ನು ಎಂದು ಮಾತ್ರ ಹೇಳಿದರು.

ಸಮಿತಿಯ ಹಿರಿಯರು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇದನ್ನು ಒಡೆಯದಂತೆ ಹೇಗೆ ಆರಿಸಿದೆ ಎಂದು ಕೇಳಿದರು. ಒಂದೂವರೆ ದಿನ ಫರ್ನೇಸನ್ನು ಮುಟ್ಟಲೇ ಇಲ್ಲ ಸಾರ್ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಗೈಡಿನ ಕಡೆ ತಿರುಗಿ, ಈಗಿನ ಹುಡುಗಿಯರಲ್ಲಿ ಇಂಥ ತಾಳ್ಮೆ ಅಪರೂಪ, ಫೆಲೋಶಿಪ್ಪು ಮುಂದುವರಿಯಲಿ ಎಂದರು. ಗೈಡು ಸೂರಿನ ಫ್ಯಾನನ್ನು ಆಳವಾಗಿ ಅಧ್ಯಯನ ಮಾಡುತ್ತಿದ್ದರು. ನಾನು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಪೂರ್ತಿಯಾಗಿ ತೆಗೆದುಕೊಂಡೆ.

ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲದಿದ್ದರೂ ಮನೆಯ ತನಕ ತೇಲುತ್ತಾ ಬಂದೆ. ಅತ್ತೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಒಲೆಯ ಪಕ್ಕ ನಿಂತು ಎಲ್ಲ ವರದಿ ಒಪ್ಪಿಸಿದೆ. ನನ್ನ ತಾಳ್ಮೆಯನ್ನು ಹೊರಗಿನಿಂದ ಬಂದ ದೊಡ್ಡವರು ಮೆಚ್ಚಿಕೊಂಡರು ಎಂಬುದನ್ನು, ರೇಡಿಯೋ ಕನ್ನಡ ಅರ್ಥವಾಗದೆ ಹೋದೀತೆಂದು, ಪೊರುಮೆ ಪೊರುಮೆ ಎಂದು ತಮಿಳಿನಲ್ಲೂ ಎರಡು ಸಲ ಹೇಳಿದೆ. ಅತ್ತೆ ತುರಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಪೊರುಮೆ ಇರಲಿ ಅಮ್ಮಿಣಿ," ಎಂದರು, "ಇಡ್ಲಿ ಇನ್ನೂ ಬೇಯಲಿಲ್ಲ, ಮೂಡಿ ಹಾಕು."

ಕೈಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ಇರುವುದು ನನಗೆ ಕಂಡದ್ದು ಆಗಲೇ.