ಎರಡು ಕೂಸಿಗೊಂದು ಗಾಡಿ

ನಮ್ಮ ಮನೆಯಲ್ಲಿ ಯಾರಾದರೂ ಒಂದು ಪದಾರ್ಥ ಬೇಕು ಅಂತ ಬಾಯಿಬಿಟ್ಟರೆ, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮೊದಲು ಬರುತ್ತಿತ್ತು. ಸಲಹೆ ಬರುತ್ತಿತ್ತು, ಜಗಳ ಬರುತ್ತಿತ್ತು, ಅಡ್ಡದಾರಿ ಹಿಡಿದು ನಗು ಬರುತ್ತಿತ್ತು. ಕೊನೆಗೆ ಪದಾರ್ಥ ಬರುವ ಹೊತ್ತಿಗೆ ಅದು ಯಾಕೆ ಬೇಕಾಗಿತ್ತು ಅನ್ನುವುದೇ ಮರೆತುಹೋಗಿರುತ್ತಿತ್ತು. ನಾನು ಕೂಸಿನ ಗಾಡಿ ಬೇಕು ಅಂದಾಗಲೂ ಹೀಗೇ ಆಯಿತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಳವಳ್ಳಿಯ ತವರಿನಲ್ಲಿ ಎರಡನೆಯ ಬಾಣಂತನ ಮುಗಿಸಿಕೊಂಡು ಮಂಡ್ಯಕ್ಕೆ ವಾಪಸು ಬಂದಿದ್ದೆ. ಗಂಡುಕೂಸಿಗೆ ನಾಲ್ಕು ತಿಂಗಳು, ಹಿರಿಯವಳಿಗೆ ಎರಡೂವರೆ ವರ್ಷ. ತಮ್ಮ ಹುಟ್ಟುವವರೆಗೂ ಬೀದಿಯ ಕೋಳಿಗಳನ್ನೆಲ್ಲ ಅಟ್ಟಾಡಿಸುತ್ತಿದ್ದವಳು, ಅವನನ್ನು ನನ್ನ ಮಡಿಲಲ್ಲಿ ಕಂಡ ದಿನದಿಂದ ನಡೆಯುವುದನ್ನೇ ಬಿಟ್ಟುಬಿಟ್ಟಳು. ಹೊಸಲು ದಾಟಬೇಕಾದರೂ ಎರಡು ಕೈ ಚಾಚಿ ನಿಲ್ಲುವಳು. ಊರಿನ ವೈದ್ಯ ಪಂಡಿತರು ಕಾಲು ಮಡಿಸಿ ನೀಡಿ ನೋಡಿ, "ಕಾಲು ನೆಟ್ಟಗಿದೆ ತಾಯಿ, ಕುಂಟುತ್ತಿರುವುದು ಮನಸ್ಸು" ಅಂದಿದ್ದರು. ಆದರೂ ನನಗೆ ಒಳಗೊಳಗೇ ಅಳುಕು. ಇವಳು ಇನ್ನು ಓಡುವುದೇ ಇಲ್ಲವೇನೋ ಅಂತ.

ಮೊದಲೆಲ್ಲ ಸಂಜೆ ನಾನು ನಾಲೆ ಏರಿಯ ಮೇಲೆ ನಡೆದು ಬರುತ್ತಿದ್ದೆ. ಆ ಕಡೆ ನೀರು, ಈ ಕಡೆ ಕಬ್ಬು, ದೂರದ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ. ಈಗ ಒಂದು ಕಂಕುಳಲ್ಲಿ ಅವನು, ಇನ್ನೊಂದರಲ್ಲಿ ಅವಳು. ಬೀದಿ ತಿರುವು ದಾಟುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ನಾಲೆ ನೋಡಿ ತಿಂಗಳುಗಳೇ ಆಗಿದ್ದವು. ಜಗಲಿಯ ಮೇಲೆ ಕೂತು, ಕಣ್ಣು ತೆರೆದೇ ಆ ನೀರಿನ ಕನಸು ಕಾಣುತ್ತಿದ್ದೆ.

೧. ಖಾಲಿ ಗಾಡಿ

ಹಾಗೆ ಕೂತಿದ್ದಾಗಲೇ ಅದು ನಮ್ಮ ಬೀದಿಯಲ್ಲಿ ಬಂತು. ದೊಡ್ಡ ಇಂಜಿನಿಯರೊಬ್ಬರ ಹೆಂಡತಿ, ಮದರಾಸಿನ ಕಡೆಯ ಹೆಂಗಸು, ನಾಲ್ಕು ಚಕ್ರದ ಒಂದು ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದರು. ಗಾಡಿಗೆ ಕಮಾನು, ಕಮಾನಿಗೆ ಜಾಲರಿ, ಒಳಗೆ ಮಲ್ಲಿಗೆ ಮೊಗ್ಗಿನಂಥ ಮಗು. ಚಕ್ರದ ಸದ್ದೇ ಇಲ್ಲ. ಮೋಡ ಹೋದ ಹಾಗೆ ಹೋಗುತ್ತಿತ್ತು.

ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆಗೆ ಮಾತ್ರ ಕರುಳು ಚುರುಕ್ಕೆಂದಿತು.

"ಅಯ್ಯೋ ಪಾಪ, ಕೂಸ್ನ ಎತ್ಕೊಳ್ಳೋಕೂ ತ್ರಾಣ ಇಲ್ವಲ್ಲಮ್ಮಿ ಆ ಎಣ್ಣಿಗೆ!"

ನಾನು "ಅತ್ತೇ, ಹಾಗಲ್ಲ" ಅನ್ನುವಷ್ಟರಲ್ಲಿ ಎದ್ದು ಬೀದಿಗಿಳಿದರು. "ಕೊಡವ್ವ ಇತ್ಲಾಗೆ" ಅಂತ ಗಾಡಿಯಿಂದ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೇಬಿಟ್ಟರು. ಆಕೆಗೆ ಕನ್ನಡ ಬಾರದು, ಅತ್ತೆಗೆ ಕನ್ನಡ ಬಿಟ್ಟು ಬೇರೆ ಬಾರದು. ಮಗು ಅತ್ತೆಯ ಮೂಗುತಿ ಹಿಡಿದು ಕಿಲಕಿಲ ನಗುತ್ತಿತ್ತು. ಮುಂದೆ ಮುಂದೆ ಮಗುವಿನ ಜೊತೆ ಅತ್ತೆ, ಹಿಂದೆ ಹಿಂದೆ ಖಾಲಿ ಗಾಡಿ ತಳ್ಳಿಕೊಂಡು ಆ ಹೆಂಗಸು. ಬಂಗಲೆಯ ಗೇಟಿನ ತನಕ ಹೀಗೇ ಮೆರವಣಿಗೆ ಹೋಯಿತು.

ವಾಪಸು ಬಂದು ಅತ್ತೆ ಮತ್ತೆ ಅವರೆಕಾಯಿಗೆ ಕೈಹಾಕಿದರು.

"ಒಳ್ಳೇ ಎಂಗ್ಸು ಕಣಮ್ಮಿ. ಗಾಡಿ ತಳ್ಳೋದಂದ್ರೆ ಅಷ್ಟೊಂದು ಆಸೆ ಇದ್ರೆ ತಳ್ಕೊಳ್ಳಿ ಬುಡು. ಅದ್ರೊಳಕ್ಕೆ ಕೂಸ್ನ ಯಾಕಾಕ್ಬೇಕು?"

೨. ಅಳತೆ

ನಮ್ಮ ಯಜಮಾನರು ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ಅಳೆಯದೆ ಅನ್ನವನ್ನೂ ಉಣ್ಣುವವರಲ್ಲ. ಗಾಡಿ ಬೇಕು ಅಂತ ನಾನು ಹೇಳಿದ್ದೇ ತಡ, ಟೇಪು ಹಿಡಿದು ಬಂದರು. "ಮೈಸೂರಿನಲ್ಲಿ ಅಂಗಡಿಯವನು ಕೇಳಿದರೆ ಏನು ಹೇಳಲಿ? ಅಳತೆ ಬೇಡವೇ?"

ಹಿರಿಯವಳನ್ನು ಗೋಡೆಗೆ ನಿಲ್ಲಿಸಿದರೆ ಕುಸಿದು ಕೂತಳು. ಕೂರಿಸಿದರೆ ಮಲಗಿದಳು. ಮಲಗಿಸಿದರೆ ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡಳು. ಮೂರು ಸಲ ಅಳೆದು ಮೂರು ಲೆಕ್ಕ ಬರೆದುಕೊಂಡರು. ಕೂಸಂತೂ ಅಳೆಯುತ್ತಿದ್ದಂತೆಯೇ ಅವರ ನಕ್ಷೆಯ ಕಾಗದದ ಮೇಲೆ ಒಂದು ಹೊಸ ಕೆರೆಯನ್ನೇ ಕಟ್ಟಿತು.

ಆ ಭಾನುವಾರ ಮೈಸೂರಿಗೆ ಹೋದರು. ನಾನು ಇಡೀ ದಿನ ಕನಸಿನಲ್ಲಿದ್ದೆ. ಒಲೆ ಮುಂದೆ ಕೂತಿದ್ದರೂ ಕಣ್ಣ ಮುಂದೆ ನಾಲೆ ಏರಿ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಅತ್ತೆ ಹೇಳಿದ ಮೇಲೇ ಗೊತ್ತಾಗಿದ್ದು.

ಸಂಜೆ ಅವರು ಬರಿಗೈಯಲ್ಲಿ ಬಂದರು. ಅಂಗಡಿಯವನು ಕೇಳಿದನಂತೆ, "ಅವಳಿ ಮಕ್ಕಳೋ ಸ್ವಾಮಿ?"

"ಅಲ್ಲ. ಒಂದು ದೊಡ್ಡದು, ಒಂದು ಚಿಕ್ಕದು."

"ಎರಡು ಕೂಸಿನ ಗಾಡಿ ವಿಲಾಯಿತಿಯಿಂದ ಬರಬೇಕು. ಈಗ ಹಡಗು ಎಲ್ಲಿದೆ? ಯುದ್ಧ ಮುಗಿದ ಮೇಲೆ ಬನ್ನಿ."

"ಅಷ್ಟು ಹೊತ್ತಿಗೆ ನಮ್ಮ ಮಗಳು ತಾನೇ ಗಾಡಿ ತಳ್ಳುವಷ್ಟು ದೊಡ್ಡವಳಾಗಿರುತ್ತಾಳಲ್ಲಯ್ಯ!"

ಅಂಗಡಿಯವನು ಗಂಭೀರವಾಗಿ ತಲೆಯಾಡಿಸಿದನಂತೆ. "ಇನ್ನೂ ಒಳ್ಳೇದಾಯ್ತಲ್ಲ ಸ್ವಾಮಿ. ತಳ್ಳೋಕೆ ಆಳು ಹುಡುಕೋದು ತಪ್ಪಿತು."

೩. ಸಾಯಬರ ಅನುಭವ

ಮದ್ದೂರಿನಲ್ಲಿ, ಬೆಂಗಳೂರು ರಸ್ತೆಯ ಬದಿಗೆ, ಸೈಕಲ್ ರಿಪೇರಿ ಮಾಡುವ ಸಾಯಬರೊಬ್ಬರಿದ್ದರು. ಕಬ್ಬಿಣದಲ್ಲಿ ಏನು ಕೇಳಿದರೂ ಮಾಡಿಕೊಡುತ್ತಾರೆ ಅಂತ ಹೆಸರು. ಮಕ್ಕಳನ್ನು ಕಟ್ಟಿಕೊಂಡು ನಾನೂ ಅತ್ತೆಯೂ ರೈಲು ಹತ್ತಿ ಹೋದೆವು. ಯಜಮಾನರು ಬರೆದುಕೊಟ್ಟ ನಕ್ಷೆ ನನ್ನ ಚೀಲದಲ್ಲಿತ್ತು. ಸಾಯಬರು ಅದನ್ನು ನೆಟ್ಟಗೆ ಹಿಡಿದು ನೋಡಿದರು, ತಲೆಕೆಳಗಾಗಿ ಹಿಡಿದು ನೋಡಿದರು, ಮಡಿಸಿ ನನಗೇ ಕೊಟ್ಟರು.

"ಇದು ಅಣೆಕಟ್ಟೆ ಆಯ್ತದೆ ಅಕ್ಕಾ, ಗಾಡಿ ಆಗಲ್ಲ. ನೀವು ಬಾಯಲ್ಲಿ ಹೇಳಿ."

ನಾನು ಹೇಳಿದೆ. "ಇಬ್ಬರೂ ಒಟ್ಟಿಗೆ ಕೂರಬೇಕು. ಅಕ್ಕಪಕ್ಕ ಎರಡು ಬುಟ್ಟಿ ಇಟ್ಟರೆ?"

ಸಾಯಬರು ಗಡ್ಡ ನೀವಿಕೊಂಡರು. "ಅಕ್ಕಪಕ್ಕ ಇಟ್ರೆ ದೊಡ್ಡದು ಚಿಕ್ಕದರ ಕಣ್ಣಿಗೆ ಬೆರಳು ಹಾಕ್ತದೆ."

"ಹಾಗಾದರೆ ಹಿಂದೆ ಮುಂದೆ?"

"ಹಿಂದೆ ಕೂತಿದ್ದು ಮುಂದಿನದರ ಕೂದಲು ಕೀಳ್ತದೆ."

"ಎದುರುಬದುರು?"

"ಒಂದಕ್ಕೊಂದು ಒದೀತವೆ."

ಇಷ್ಟು ತಿಳಿದವರಿದ್ದಾರಲ್ಲ ಅಂತ ನನಗೆ ಭಕ್ತಿಯೇ ಬಂತು. "ನಿಮಗೆ ಎಷ್ಟು ಮಕ್ಕಳು ಸಾಯಬರೇ?"

"ಏಳು ಅಕ್ಕಾ, ದೇವರ ದಯದಿಂದ."

"ಮತ್ತೆ ನೀವು ಮನೆಯಲ್ಲಿ ಅವರನ್ನೆಲ್ಲ ಹೇಗೆ ಕೂರಿಸುತ್ತೀರಿ?"

ಸಾಯಬರು ಕುಲುಮೆಯ ತಿದಿ ಒತ್ತುತ್ತಾ ಶಾಂತವಾಗಿ ಹೇಳಿದರು. "ನಾನು ಬೆಳಿಗ್ಗೇನೇ ಅಂಗಡಿಗೆ ಬಂದುಬಿಡ್ತೀನಿ ಅಕ್ಕಾ."

೪. ಮೊದಲ ಸವಾರಿ

ಎರಡು ವಾರಕ್ಕೆ ಗಾಡಿ ತಯಾರಾಯಿತು. ಹಳೇ ಸೈಕಲ್ಲಿನ ಕಬ್ಬಿಣ, ಅದರ ಮೇಲೆ ಮೇದರು ಹೆಣೆದ ಉದ್ದನೆಯ ಬಿದಿರಿನ ತೊಟ್ಟಿಲುಬುಟ್ಟಿ, ಚಕ್ರಗಳಿಗೆ ಸವೆದ ಟೈರಿನ ಪಟ್ಟಿ. ತರುವುದಕ್ಕೆ ಯಜಮಾನರು ಒಬ್ಬರೇ ಹೋದರು.

ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ, ಇದ್ದಿಲು ಉರಿಸಿ ಓಡಿಸುತ್ತಿದ್ದರು. ಗಾಡಿಯನ್ನು ಬಸ್ಸಿನ ಮೇಲೆ ಕಟ್ಟಿಸಿ ಇವರು ಹೊರಟರು. ಮಂಡ್ಯ ಇನ್ನು ಎರಡು ಮೈಲಿ ಇದೆ ಅನ್ನುವಾಗ ಬಸ್ಸು ಕೆಮ್ಮಿತು, ನಿಟ್ಟುಸಿರು ಬಿಟ್ಟಿತು, ನಿಂತಿತು. ಎಲ್ಲರೂ ಇಳಿದು ನಡೆಯತೊಡಗಿದರು. ಇವರೂ ಗಾಡಿ ಇಳಿಸಿಕೊಂಡು ತಳ್ಳತೊಡಗಿದರು.

ಖಾಲಿ ಗಾಡಿ ಕಂಡರೆ ಲೋಕ ಸುಮ್ಮನಿರುತ್ತದೆಯೇ? ಒಬ್ಬಾಕೆ "ಈ ಗಂಟೊಂದು ಇರ್ಲಪ್ಪ" ಅಂದಳು. ಇನ್ನೊಬ್ಬಾಕೆ ಕುಂಬಳಕಾಯಿ ಇಟ್ಟಳು. ಒಬ್ಬ ಹರಳೆಣ್ಣೆ ಡಬ್ಬ ಇಟ್ಟ. ಯಜಮಾನರಿಗೆ ಯಾರ ಮಾತಿಗೂ ಇಲ್ಲ ಅನ್ನುವುದಕ್ಕೆ ಬಾರದು. ಊರು ಸಮೀಪಿಸಿದಂತೆ ಒಬ್ಬೊಬ್ಬರೇ ತಮ್ಮ ತಮ್ಮ ಗಂಟು ಎತ್ತಿಕೊಂಡು ಹೋದರು. ಜಾಗ ಖಾಲಿಯಾಗಿದ್ದನ್ನು ಕಂಡು, ಅಷ್ಟು ದೂರ ಕೋಲೂರಿಕೊಂಡು ನಡೆದಿದ್ದ ಒಬ್ಬ ಮುದುಕ, "ನನ್ ಮೊಳಕಾಲು ಬಿದ್ದೋಯ್ತದೆ ಸ್ವಾಮಿ" ಅಂದ. ಇವರು ಅವನನ್ನು ಎತ್ತಿ ಬುಟ್ಟಿಯಲ್ಲಿ ಕೂರಿಸಿಕೊಂಡರು.

ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಅತ್ತೆ, ಹಿಂದೆ ಎರಡು ಮಕ್ಕಳ ಜೊತೆ ನಾನು. ಬೀದಿ ತಿರುವಿನಲ್ಲಿ ಗಾಡಿ ಕಂಡಿತು. ಅದರೊಳಗೆ ಕಾಲು ಮುದುರಿಕೊಂಡು, ತಂಪು ಗಾಳಿಗೆ ಕಣ್ಣುಮುಚ್ಚಿ, ಬೊಚ್ಚುಬಾಯಿ ಅಗಲಿಸಿ ನಗುತ್ತಾ ಮುದುಕ.

ಅತ್ತೆ ತಟ್ಟೆಯನ್ನು ಕೆಳಗಿಟ್ಟರು.

"ಏನ್ಲಾ ಮಗ, ಮನೇಲಿರೋ ಕೂಸ್ಗೆ ಗಾಡಿ ತತ್ತೀನಿ ಅಂತ ಓದೋನು, ಗಾಡಿ ಜತೆಗೆ ಇನ್ನೊಂದ್ ಕೂಸ್ನೂ ತಂದ್ಬುಟ್ಯಾ? ಅದುಕ್ಕೂ ಇನ್ನೂ ಅಲ್ಲು ಬಂದಿಲ್ವಲ್ಲಾ!"

೫. ನಾಲೆ ಏರಿಯ ಮೇಲೆ

ಮಾರನೆಯ ಸಂಜೆ ಹೊರಟೆವು. ನಾನು ಮದುವೆಯ ಸೀರೆ ಉಟ್ಟಿದ್ದೆ. ಹುಚ್ಚು ಅನ್ನಿ. ಎಷ್ಟೋ ದಿನಗಳಿಂದ ಕಂಡ ಕನಸಿನೊಳಗೆ ಹೋಗುವಾಗ ಹಳೇ ಸೀರೆ ಉಡಲು ಮನಸ್ಸು ಬರಲಿಲ್ಲ.

ಬುಟ್ಟಿಯೊಳಗೆ ಮೆತ್ತನೆ ಹಾಸಿ ಕೂಸನ್ನು ಮಲಗಿಸಿದೆ. ಕಿಟಾರನೆ ಕಿರುಚಿತು. ಎತ್ತಿಕೊಂಡೆ, ಸುಮ್ಮನಾಯಿತು. ಮಲಗಿಸಿದೆ, ಕಿರುಚಿತು. ಹಿರಿಯವಳನ್ನು ಕೂರಿಸಿದೆ. ಜಾರಿ ಕೆಳಗಿಳಿದು, ಗಾಡಿಯ ಹಿಂದಿನ ಅಡ್ಡಕಂಬಿ ಹಿಡಿದು, "ನಾನ್ ತಳ್ತೀನಿ" ಅಂದಳು. ಮತ್ತೆ ಕೂರಿಸಿದೆ, ಮತ್ತೆ ಇಳಿದಳು. ಎರಡು ಕೂಸಿಗೆ ಅಂತ ಮಾಡಿಸಿದ ಗಾಡಿಯಲ್ಲಿ ಒಂದು ಕೂಸೂ ಕೂರಲೊಲ್ಲದು. ಮನೆ ಮುಂದೆಯೇ ನನ್ನ ಕಣ್ಣು ತುಂಬಿ ಬಂತು.

ಅತ್ತೆ ನನ್ನ ಮುಖ ನೋಡಿದರು. "ಅದ್ಯಾಕಮ್ಮಿ ಇಷ್ಟಕ್ಕೆಲ್ಲ ಕಣ್ಣೀರು? ತಾ ಇತ್ಲಾಗೆ ಕೂಸ್ನ." ಸೆರಗು ಬಿಗಿದು, ಮುಷ್ಟಿಗಾತ್ರದ ಮೈ ಮುದುರಿಕೊಂಡು, ತಾವೇ ಗಾಡಿಯೊಳಗೆ ಕೂತರು. ಕೂಸು ಅವರ ಮಡಿಲಲ್ಲಿ ಬೆರಳು ಚೀಪುತ್ತಾ ತಣ್ಣಗಾಯಿತು.

ಮಗಳು ತಳ್ಳಿದಳು. ಗಾಡಿ ಕದಲಲಿಲ್ಲ. ಮುಖ ಕೆಂಪಾಗುವಂತೆ ತಳ್ಳಿದಳು. ಕೆಳತುಟಿ ನಡುಗತೊಡಗಿತು. ಆಗ ಯಜಮಾನರು ಹೆಗಲ ಮೇಲಿನ ವಲ್ಲಿಯನ್ನು ಸದ್ದಿಲ್ಲದೆ ಗಾಡಿಯ ಮುಂಭಾಗಕ್ಕೆ ಕಟ್ಟಿ, ಅವಳಿಗೆ ಕಾಣದ ಹಾಗೆ ಎಳೆದರು. ಗಾಡಿ ಹೊರಟಿತು. ಅವಳು ತನ್ನದೇ ಬಲ ಅಂದುಕೊಂಡು ಒಂದು ಹೆಜ್ಜೆ ಇಟ್ಟಳು. ಆಮೇಲೆ ಇನ್ನೊಂದು. ಬೀದಿ ದಾಟಿತು, ಕಬ್ಬಿನ ಗದ್ದೆಯ ಬದು ದಾಟಿತು, ನಾಲೆ ಏರಿ ಬಂತು. ಎತ್ತಿಕೋ ಅಂತ ಒಂದು ಸಲವೂ ಕೈ ಚಾಚಲಿಲ್ಲ.

ಹಿಂದೆ ನಾನು. ನನ್ನ ಎರಡು ಕೈಗಳೂ ಖಾಲಿ. ಆ ಖಾಲಿ ಕೈಗಳನ್ನು ಏನು ಮಾಡಬೇಕು ಅಂತಲೇ ತಿಳಿಯದೆ ಗಾಳಿಯಲ್ಲಿ ಬೀಸಿಕೊಂಡು ನಡೆದೆ. ನೀರಿನ ಮೇಲೆ ಇಳಿಬಿಸಿಲು ಹರಿದು ಹೋಗುತ್ತಿತ್ತು. ಕಬ್ಬಿನ ಸೂಲಂಗಿ ಹೂಗಳು ಬೆಳ್ಳಗೆ ತೂಗುತ್ತಿದ್ದವು. ಮಗಳ ಕಾಲ್ಗೆಜ್ಜೆಯ ಸದ್ದು ಅಷ್ಟು ದಿನದ ಮೇಲೆ ಕೇಳುತ್ತಿತ್ತು. ನಾನು ಎಚ್ಚರವಾಗಿದ್ದೆನೋ ನಿದ್ದೆಯಲ್ಲಿದ್ದೆನೋ ಗೊತ್ತಾಗುತ್ತಿರಲಿಲ್ಲ.

ಎದುರಿಗೆ ಒಬ್ಬ ಗೌಡರು ಜೋಡಿ ಎತ್ತು ಹೊಡೆದುಕೊಂಡು ಬಂದರು. ನಮ್ಮನ್ನು ಕಂಡು ಎತ್ತುಗಳನ್ನು ಬದಿಗೆ ನಿಲ್ಲಿಸಿಕೊಂಡರು. ಮುಂದೆ ಬಗ್ಗಿ ಎಳೆಯುತ್ತಿರುವ ಕೋಟು ತೊಟ್ಟ ಗುಮಾಸ್ತರು, ಬುಟ್ಟಿಯಲ್ಲಿ ಕಾಲು ಮಡಿಸಿಕೊಂಡ ಮುದುಕಿ, ಹಿಂದೆ ಮೊಳದುದ್ದದ ಹುಡುಗಿ, ಅದರ ಹಿಂದೆ ಮದುವೆ ಸೀರೆ ಉಟ್ಟು ಕೈ ಬೀಸುವ ಹೆಂಗಸು. ಅವರು ಪೇಟ ಮೇಲಕ್ಕೆ ಸರಿಸಿ, ತುಂಬ ಮರ್ಯಾದೆಯಿಂದಲೇ ಕೇಳಿದರು.

"ಅಲ್ಲ ಕಣವ್ವ, ಗಾಡಿ ಏನೋ ಚೆಂದಾಗದೆ. ಎತ್ತು ಎಲ್ಲಿ?"

ಅತ್ತೆ ಕೂತಲ್ಲಿಂದಲೇ ತಮ್ಮ ಮಗನ ಬೆನ್ನು ತೋರಿಸಿದರು.

"ಮುಂದ್ಗಡೆ ಅದೆಯಲ್ಲಪ್ಪ! ಸಂತೇಲಿ ತಂದಿದ್ದಲ್ಲ ಕಣಪ್ಪ, ನಾನೇ ಎತ್ತು ಸಾಕಿದ್ದು!"